ಬನ್ನಿ ಎನ್ನದ ಅಕ್ಕು

ಅಕ್ಕು ಉಡುಪಿಯವಳು. ಈ ಪರದೇಶದಲ್ಲಿ, ಬೆಡೋಕ್‌ನ ನಮ್ಮದೇ ಬ್ಲಾಕಿನಲ್ಲಿ ಅವಳ ಮನೆ. ಗಂಡ ತೀರಿಹೋದ ಮೇಲೆ ಮಗಳು ಖುಷಿಯನ್ನು ಒಬ್ಬಳೇ ಸಾಕುತ್ತಿದ್ದಾಳೆ. ನಮ್ಮ ಈವೆಂಟ್ ಕಂಪನಿಗೆ ಅವಳನ್ನು ಸೇರಿಸಿದವಳು ನಾನೇ. ಅಂದು ಅವಳ ಟ್ರಯಲ್ ಮುಗಿಯುವ ದಿನ. ಕೆಲಸ ಖಾಯಂ ಆಗದಿದ್ದರೆ ಇಲ್ಲಿರಲು ಪಾಸ್ ಇಲ್ಲ, ತಾಯಿ ಮಗಳು ಗಂಟುಮೂಟೆ ಕಟ್ಟಬೇಕು. ಇಷ್ಟು ಗೊತ್ತಿದ್ದೂ ಆ ಪುಣ್ಯಾತ್ಗಿತ್ತಿ ಏನು ಮಾಡಿದಳು ಕೇಳಿ.

ಯುದ್ಧಕಾಲದಲ್ಲಿ ಬಾಂಬ್ ಬಿದ್ದು ಸತ್ತವರಿಗಾಗಿ ಒಂದು ಸಂಘ ನಡೆಸುವ ಸ್ಮರಣೆಯ ಸಭೆ. ಏಳು ದೇಶಗಳ ರಾಯಭಾರಿಗಳು ಬರುವವರಿದ್ದರು. ಆ ಯುದ್ಧದಲ್ಲಿ ಬಾಂಬ್ ಹಾಕಿದ ದೇಶದವರೂ ಮೊದಲ ಸಲ ಬರಲು ಒಪ್ಪಿದ್ದರು. ಒಂದು ಕುರ್ಚಿ ಹಿಂದುಮುಂದಾದರೂ ರಾದ್ಧಾಂತ. ಅಕ್ಕುವಿಗೆ ಕೊಟ್ಟ ಕೆಲಸ ಒಂದೇ, ಬಾಗಿಲಲ್ಲಿ ನಿಂತು ನಗುತ್ತಾ ವೆಲ್‌ಕಮ್ ಹೇಳುವುದು.

ಮೊದಲ ಕಾರು ಬಂತು. ಅಕ್ಕು ಬಾಯಿ ಬಿಡಲಿಲ್ಲ. ಕೈ ಮುಗಿದು ಒಳಗಿನ ದಾರಿ ತೋರಿಸಿದಳು. ಎರಡನೆಯವರಿಗೂ ಅಷ್ಟೇ. ನಾನು ದೂರದಿಂದ ಕಣ್ಣಲ್ಲೇ ಗದರಿದೆ, ನೋಡಲಿಲ್ಲ. ಕಡೆಗೆ ಬಂದವರು ಬಾಂಬ್ ಹಾಕಿದ ಆ ದೇಶದ ರಾಯಭಾರಿ, ನರೆತ ಕೂದಲಿನ ಹೆಂಗಸು. ತಾವೇ ಗುಡ್ ಮಾರ್ನಿಂಗ್ ಎಂದರು. ಅದಕ್ಕೂ ಅಕ್ಕು ಸುಮ್ಮನೆ ಕೈ ಮುಗಿದಳು. ಅವರ ಮುಖ ಬಿಳಿಚಿತು. ನಮ್ಮ ಮ್ಯಾನೇಜರ್ ಗುರುಮೂರ್ತಿ ನನ್ನನ್ನು ದುರುಗುಟ್ಟಿ ನೋಡಿದರು.

ಸಭೆ ಶುರುವಾದದ್ದೇ ಅವಳನ್ನು ಪಕ್ಕಕ್ಕೆ ಎಳೆದು ಬೈದೆ. ತಲೆ ಕೆಟ್ಟಿದೆಯಾ ಎಂದೆ, ಖುಷಿಯ ಗತಿಯೇನು ಎಂದೆ. ಅವಳ ಕಣ್ಣು ತುಂಬಿತು.

"ಸಾವಿನ ಮನೆಗೆ ಬಂದವರಿಗೆ ಬನ್ನಿ ಅಂತ ಹೇಗೆ ಹೇಳ್ಲಿ ಸುನಂದಕ್ಕ? ಬಾಯಿ ಬರ್ಲಿಲ್ಲ ನಂಗೆ."

ಛೆ, ನನಗೂ ಗೊತ್ತಿದ್ದ ಪದ್ಧತಿಯೇ. ಇಪ್ಪತ್ತು ವರ್ಷ ಇಲ್ಲಿದ್ದು ಎಲ್ಲವೂ ನನಗೆ ಬರೀ ಈವೆಂಟ್ ಆಗಿಬಿಟ್ಟಿತ್ತು.

ಸಭೆ ಮುಗಿದಾಗ ಆ ರಾಯಭಾರಿ ನೇರ ಅಕ್ಕುವಿನ ಬಳಿಗೇ ಬಂದರು, ಹಿಂದೆಯೇ ಗುರುಮೂರ್ತಿ. ತಮ್ಮ ಜೊತೆ ಯಾಕೆ ಮಾತಾಡಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮುಗಿಯಿತು ಕಥೆ ಅಂದುಕೊಂಡೆ. ಅಕ್ಕು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮಲ್ಲಿ ಸಾವಿನ ಮನೆಯವರು ಬನ್ನಿ ಅನ್ನುವುದಿಲ್ಲ, ಹೊರಡುವವರು ಬರುತ್ತೇನೆ ಅನ್ನುವುದಿಲ್ಲ, ಎಲ್ಲರಿಗೂ ಹಾಗೇ ಮಾಡಿದೆ ಎಂದಳು.

ಗುರುಮೂರ್ತಿ ಕುಲುಕಲು ಚಾಚಿದ ಕೈ ಹಾಗೇ ಉಳಿಯಿತು. ರಾಯಭಾರಿ ಅಕ್ಕುವಿಗೆ ಕೈ ಮುಗಿದು, ಯಾರಿಗೂ ಏನೂ ಹೇಳದೆ ಹೋಗಿ ಕಾರು ಹತ್ತಿದರು.

"ಅವಳ ಪೇಪರ್ಸ್ ಕೊಡಿ, ಸೈನ್ ಮಾಡ್ತೀನಿ," ಎಂದರು ಗುರುಮೂರ್ತಿ. ಸೈನ್ ಮಾಡಿ ಹೊರಡುವಾಗ ಅವರೂ ನನಗೆ ಬರ್ತೀನಿ ಅನ್ನಲಿಲ್ಲ.