ಮೇಲಿನ ಸಾಲಿನಿಂದ ಇಳಿಸಿದ ಸಂಖ್ಯೆ

ನಾಗರಾಜಣ್ಣ ಕಳ್ಳತನ ಮಾಡಿರಲಿಲ್ಲ. ಆ ಹೆಸರು ಅವರಿಗೆ ಅಂಟಿದ್ದು ನನ್ನಿಂದ. ಓದದ ಒಂದು ಸಂಖ್ಯೆಯನ್ನು ಓದಿದೆನೆಂದು ಬರೆದಿಟ್ಟೆ. ಕೇಳಿದಾಗ ಅದನ್ನೇ ಸತ್ಯವೆಂದು ತೋರಿಸಿದೆ. ನಿಜ ತಿಳಿದ ಮೇಲೂ — ಒಮ್ಮೆಯಲ್ಲ, ಮೂರು ಸಲ — ಬಾಯಿ ಮುಚ್ಚಿಕೊಂಡೆ.

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರದಲ್ಲಿ ಗಂಗಣ್ಣನವರ ಪವರ್‌ಲೂಮ್ ಶೆಡ್ಡಿಗೆ ಹೊಂದಿಕೊಂಡ ಕೋಣೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಎಂ.ಎಸ್ಸಿ. ಮುಗಿಸಿದ ನಾನು ಅವುಗಳನ್ನು ನೋಡಿಕೊಳ್ಳಲು ಸೇರಿದ್ದೆ. ನಾಗರಾಜಣ್ಣ ಸೀರೆಯ ಅಂಚು, ಸೆರಗಿನ ಚಿತ್ರ ಬರೆಯುವವರು. ಇಪ್ಪತ್ತು ವರ್ಷ ಗ್ರಾಫ್ ಹಾಳೆಯ ಚೌಕ ತುಂಬಿದ್ದ ಕೈ ಆರು ತಿಂಗಳಲ್ಲಿ ಕಂಪ್ಯೂಟರಿಗೆ ಒಗ್ಗಿತ್ತು. ಅವರು ಬರೆದ ಚಿತ್ರದಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗಕ್ಕೆ ಕಟ್ಟುತ್ತಿದ್ದರು.

ನನಗೊಂದು ಹೆಮ್ಮೆಯ ಅಭ್ಯಾಸವಿತ್ತು. ರಿಪೇರಿಗೆ ಹೋಗುವ ಮುನ್ನ, ಬಂದ ಮೇಲೆ, ಪ್ರತಿ ಹಾರ್ಡ್ ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಡಾಸ್‌ನಲ್ಲಿ ಫೈಲುಗಳ ಪಟ್ಟಿ ತೆಗೆದರೆ ಮೇಲ್ಗಡೆ ಒಂದು ಸಂಖ್ಯೆ ಬರುತ್ತಿತ್ತು. ಅದು ಡಿಸ್ಕಿನದಲ್ಲ, ಅದರೊಳಗಿನ ಬರಹಕ್ಕೆ ಕೊಟ್ಟದ್ದು — ಫಾರ್ಮ್ಯಾಟ್ ಮಾಡಿದರೆ ಬದಲಾಗುತ್ತದೆ, ಡಿಸ್ಕನ್ನು ಪೂರ್ತಿ ನಕಲು ಮಾಡಿದರೆ ಜೊತೆಗೇ ನಕಲಾಗುತ್ತದೆ. ಕಾರ್ಖಾನೆ ಕೊಟ್ಟ ಸಂಖ್ಯೆ ಬೇರೆ; ಅದು ಡಿಸ್ಕಿನೊಂದಿಗೆ ಹುಟ್ಟಿ ಡಿಸ್ಕಿನೊಂದಿಗೇ ಸಾಯುವಂಥದು. ಅದನ್ನು ಓದಲು ಫ್ಲಾಪಿಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಇಟ್ಟುಕೊಂಡಿದ್ದೆ. ಆ ಬೀದಿಯಲ್ಲಿ ಈ ವ್ಯತ್ಯಾಸ ಗೊತ್ತಿದ್ದದ್ದು ನನಗೊಬ್ಬನಿಗೇ.

ಒಮ್ಮೆ ಕೆಟ್ಟ ಡಿಸ್ಕನ್ನು ಬೆಂಗಳೂರಿಗೆ ರಿಪೇರಿಗೆ ಕೊಟ್ಟು, ವಾರದ ಮೇಲೆ ತಂದು ಜೋಡಿಸಿದೆ. ಒಂದು ಫೈಲು ತೆರೆದೆ. ನಾಗರಾಜಣ್ಣನ ನವಿಲು ಬಂತು. ಸಾಕೆನ್ನಿಸಿತು. ಪ್ರೋಗ್ರಾಂ ಓಡಿಸಲಿಲ್ಲ. "ಹೋಗುವ ಮುನ್ನ" ಎಂಬ ಸಾಲಿನ ಸಂಖ್ಯೆಯನ್ನೇ ನೋಡಿಕೊಂಡು "ಬಂದ ಮೇಲೆ" ಎಂಬ ಸಾಲಿಗೆ ಇಳಿಸಿದೆ. ಯಾಕೆ? ಬಸ್ಸಿನಲ್ಲಿ ನಿಂತು ಬಂದು ಸುಸ್ತಾಗಿತ್ತು ಎನ್ನುತ್ತದೆ ನೆನಪು. ಆದರೆ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ — ನಂಬಲಾರೆ. ಅಂದಿನ ಡೈರಿಯಲ್ಲಿರುವುದು ಇಷ್ಟೇ: "ಡಿಸ್ಕ್ ಬಂತು. ಸರಿಯಿದೆ."

ಗೌರಿ ಹಬ್ಬ ಹತ್ತಿರವಾದಾಗ ಊರಿನ ಇನ್ನೊಂದು ತುದಿಯ ರುದ್ರಪ್ಪನವರ ಮಗ್ಗದಿಂದ ಒಂದು ಸೀರೆ ಪೇಟೆಗೆ ಬಂತು. ನಾವಿನ್ನೂ ನೇಯದೆ ಹಬ್ಬಕ್ಕೆಂದು ಇಟ್ಟುಕೊಂಡಿದ್ದ ನವಿಲಿನ ಅಂಚು ಅದರಲ್ಲಿತ್ತು. ಗಂಗಣ್ಣ ಸೀರೆಯನ್ನು ಶೆಡ್ಡಿನ ನಡುವೆ ಹರವಿದರು.

"ಜುಟ್ಟು ನೋಡೋ ನಾಗರಾಜ. ಮೂರನೇ ಗರಿ ಎಡಕ್ಕೆ ವಾಲಿದೆ. ಲೋಕದಲ್ಲಿ ಇನ್ಯಾವನು ಹಿಂಗೆ ಸೊಟ್ಟಗೆ ಬರೀತಾನೆ, ಹೇಳು?"

"ನಂದೇ ಗಂಗಣ್ಣ. ಆದ್ರೆ ನಾನು ಕೊಟ್ಟಿಲ್ಲ."

"ಹಂಗಾದ್ರೆ ನವಿಲೇ ಹಾರ್ಕೊಂಡ್ ಹೋಯ್ತೇನೋ!"

ಯಾರೋ ನಕ್ಕರು. ನಾಗರಾಜಣ್ಣ ನಗಲಿಲ್ಲ. ಮಗ್ಗದಿಂದ ನೂಲು ಹಾಯಿಸುವ ಲಾಳಿ ತೆಗೆದು ಕಣ್ಣಿಗೊತ್ತಿಕೊಂಡು, ಕೊಟ್ಟಿಲ್ಲ ಎಂದರು. ನೇಯುವವರಲ್ಲಿ ಅದಕ್ಕಿಂತ ದೊಡ್ಡ ಆಣೆಯಿಲ್ಲ. ಗಂಗಣ್ಣನ ಮುಖ ಸಡಿಲಾದದ್ದನ್ನು ನಾನು ಕಂಡೆ — ಕಂಡೆನೆಂದೇ ಅಂದುಕೊಂಡಿದ್ದೇನೆ. ಆಗ ನಾಗರಾಜಣ್ಣ ನನ್ನತ್ತ ತಿರುಗಿದರು.

"ಸಾರ್, ಡಿಸ್ಕು ರಿಪೇರಿಗೆ ಹೋಗಿತ್ತಲ್ಲ, ಅಲ್ಲೇನಾದ್ರೂ ಬದ್ಲಾಯಿಸ್ಬಿಟ್ರಾ? ನಿಮ್ ಪುಸ್ತಕ ಒಸಿ ನೋಡಿ."

ನೋಟ್‌ಬುಕ್ ತಂದೆ. ಒಂದರ ಕೆಳಗೊಂದು, ಒಂದೇ ಸಂಖ್ಯೆ. ಎಲ್ಲರಿಗೂ ಕಾಣುವಂತೆ ಹಿಡಿದು, "ಬದಲಾಗಿಲ್ಲ" ಎಂದೆ.

"ಲಾಳಿ ಮುಟ್ಟಿ ಸುಳ್ಳು ಹೇಳ್ದೋನು ನನ್ ಶೆಡ್ಡಲ್ಲಿ ಬೇಡ," ಎಂದರು ಗಂಗಣ್ಣ. ಕಳ್ಳನಾದರೂ ಒಬ್ಬ ಕಸುಬುದಾರನಿಗೆ ಕೆಲಸ ಸಿಕ್ಕೀತು. ಲಾಳಿಯ ಆಣೆ ಮುರಿದವನಿಗೆ ಆ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಪ್ರೋಗ್ರಾಂ ಓಡಿಸಿದೆ. ಪರದೆಯ ಮೇಲೆ ಬಂದ ಸಂಖ್ಯೆ ಬೇರೆಯಿತ್ತು. ರಿಪೇರಿಯವರು ಬೇರೊಂದು ಡಿಸ್ಕಿಗೆ ಎಲ್ಲವನ್ನೂ ನಕಲಿಸಿ ಕೊಟ್ಟಿದ್ದರು. ನಮ್ಮ ಡಿಸ್ಕು ಅಲ್ಲೇ ಉಳಿದಿತ್ತು. ಗಂಗಣ್ಣ ಹತ್ತು ಹೆಜ್ಜೆ ದೂರದಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಹೋಗಲಿಲ್ಲ. ಡಿಸ್ಕು ಬದಲಾದ ಮಾತ್ರಕ್ಕೆ ನಾಗರಾಜಣ್ಣ ನಿರಪರಾಧಿ ಎಂದು ಸಾಬೀತಾಗುವುದಿಲ್ಲ ಎಂದು ವಾದಿಸಿಕೊಂಡೆ. ತರ್ಕ ಸರಿಯಾಗಿಯೇ ಇತ್ತು. ಕಲಿತ ವಿದ್ಯೆ ಅದಕ್ಕಾದರೂ ಒದಗಿತು.

ಮೂರು ವರ್ಷದ ಮೇಲೆ ರುದ್ರಪ್ಪನವರೇ ತಮ್ಮ ಕಂಪ್ಯೂಟರ್ ಕೆಟ್ಟಿದೆಯೆಂದು ಕರೆಸಿದರು. ಅಭ್ಯಾಸದಂತೆ ಫ್ಲಾಪಿ ಹಾಕಿದೆ. ಬಂದದ್ದು ನಮ್ಮ ಹಳೆಯ ಡಿಸ್ಕಿನ ಸಂಖ್ಯೆ. ನೋಟ್‌ಬುಕ್ ಬೇಕಾಗಲಿಲ್ಲ, ಎರಡು ಸಲ ಬರೆದಿದ್ದೆನಲ್ಲ, ಬಾಯಿಪಾಠವಾಗಿತ್ತು. ಎಲ್ಲಿಂದ ತಂದಿರಿ ಎಂದು ಕೇಳಿದೆ.

"ಬೆಂಗಳೂರಲ್ಲಿ ಸೆಕೆಂಡ್‌ಹ್ಯಾಂಡು ಕಣಪ್ಪಾ. ತಂದಾಗ್ಲೇ ಹೊಟ್ಟೆ ತುಂಬ ಡಿಸೈನು! ಗಬ್ಬದ ಹಸು ಹಿಡ್ಕೊಂಡ್ ಬಂದಂಗಾಯ್ತು ನೋಡು."

ಅವರ ಜೊತೆ ನಾನೂ ನಕ್ಕೆ. ಕದ್ದು ಕೊಟ್ಟವರು ಯಾರೂ ಇರಲಿಲ್ಲ. ಇದ್ದದ್ದು ನಾನು ಮತ್ತು ನನ್ನ ಎರಡನೇ ಸಾಲು. ಅಂದೂ ಹೇಳಲಿಲ್ಲ. ಅದಕ್ಕೆ ಯಾವ ತರ್ಕವೂ ಇರಲಿಲ್ಲ.

ಹೋದ ತಿಂಗಳು ನೆಲಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಾಗರಾಜಣ್ಣ ಸಿಕ್ಕರು. ತಲೆ ಪೂರ್ತಿ ನೆರೆತಿದೆ. ಹೆಂಡತಿಯ ಊರು ತ್ಯಾಮಗೊಂಡ್ಲುವಿನಲ್ಲಿ ಯಾರದೋ ತೆಂಗಿನ ತೋಟ ಕಾಯುತ್ತಾರಂತೆ. ಚಿತ್ರ ಬರೆಯುತ್ತೀರಾ ಎಂದೆ. "ಬಿಟ್ಟೆ ಸಾರ್," ಎಂದರು. ಬಸ್ಸು ಬರುವ ಹೊತ್ತಿಗೆ ತಾವಾಗಿಯೇ ಹೇಳಿದರು:

"ನಾನು ಕೊಟ್ಟಿಲ್ಲ ಅನ್ನೋದು ನಂಗೊತ್ತು. ನಿಮ್ ಪುಸ್ತಕ ಸುಳ್ಳು ಹೇಳಲ್ಲ, ಅದೂ ಗೊತ್ತು. ಹಂಗಂದ್ಮೇಲೆ ಇನ್ಯಾರು? ನಮ್ ತಮ್ಮ ದಿನಾ ಬುತ್ತಿ ತರ್ತಿದ್ನಲ್ಲ ಆ ಕೋಣೆಗೆ... ಅವನೇ ಡಿಸೈನಿನ ಫ್ಲಾಪಿ ಎತ್ತಿರ್ಬೇಕು. ಅವತ್ತಿಂದ ಮಾತಾಡ್ಸಿಲ್ಲ ಸಾರ್. ಅಮ್ಮ ಸತ್ತಾಗ್ಲೂ ಮಾತಾಡ್ಸಲಿಲ್ಲ."

ಅವರು ಬಸ್ಸು ಹತ್ತಿದರು. ಕಿಟಕಿಯ ಹತ್ತಿರ ಹೋಗಬಹುದಿತ್ತು — ಹೊರಡಲು ಸಾಕಷ್ಟು ಹೊತ್ತಿತ್ತು. ಹೋಗಲಿಲ್ಲ.

ನನ್ನ ಮೇಲೆ ಅನುಮಾನವನ್ನೇ ಪಡದೆ ಒಡಹುಟ್ಟಿದವನ ಮೇಲೆ ಪಟ್ಟರು. ಅವರಿಗೆ ಕಳ್ಳನೆಂಬ ಹೆಸರು ಅಂಟಿಸಿದ ಮಾತು ಹೇಗಾದರೂ ಇರಲಿ. ಈ ನಂಬಿಕೆಯನ್ನು ನಾನು ಏನು ಮಾಡಲಿ...

ಗಂಗಣ್ಣ ಇದ್ದಾರೆ, ಶೆಡ್ಡೂ ಇದೆ. ನಾಳೆ ಮೊದಲು ಅಲ್ಲಿಗೆ. ಎಲ್ಲಿ "ಬದಲಾಗಿಲ್ಲ" ಎಂದೆನೋ ಅಲ್ಲೇ, ಮಗ್ಗ ನಿಲ್ಲಿಸಿ, ಲಾಳಿ ಮುಟ್ಟಿ ಹೇಳಬೇಕು. ಅಲ್ಲಿಂದ ಆ ತಮ್ಮನ ಮನೆಗೆ. ಅವನ ಹೆಸರು ಕೂಡ ನನಗೆ ಗೊತ್ತಿಲ್ಲ. ಆಮೇಲೆ ತ್ಯಾಮಗೊಂಡ್ಲು. ಕ್ಷಮೆ ಕೇಳಲು ಹೋಗುತ್ತಿಲ್ಲ. ಕೇಳಿದರೆ ಅವರು ಕೊಟ್ಟೇಬಿಡುತ್ತಾರೆ.

ನೋಟ್‌ಬುಕ್ ಮುಂದಿದೆ. ಈಗಷ್ಟೇ ಆ ಎರಡನೇ ಸಾಲಿನ ಪಕ್ಕ ಬರೆದೆ: "ಇದು ಓದಿದ್ದಲ್ಲ. ಮೇಲಿನಿಂದ ಇಳಿಸಿದ್ದು." ಕೆಳಗೆ ನನ್ನ ಸಹಿ.