ಎದುರಂಗಡಿಗೆ ಹೇಳಿದ ಸುತ್ತಿನ ಲೆಕ್ಕ

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವನು ಮೊದಲು ಎಣಿಸಬೇಕು. ಹಳೆಯ ಕಾಯಿಲನ್ನು ಬಿಚ್ಚಿ, ಒಂದೊಂದರಲ್ಲಿ ಎಷ್ಟು ಸುತ್ತು ಇದೆಯೆಂದು ಬರೆದುಕೊಳ್ಳಬೇಕು. ಸುತ್ತು ಕಡಿಮೆಯಾದರೆ ಮೋಟಾರು ಹೆಚ್ಚು ಕರೆಂಟು ಎಳೆದು ಮತ್ತೆ ಸುಡುತ್ತದೆ.

ನಾನು ಬನವಾಸಿ ಕಡೆಯವನು. ಶಿರಸಿಯಲ್ಲಿ ಅಂಗಡಿ ತೆರೆದಾಗ ನನ್ನ ಬಳಿ ಇದ್ದದ್ದು ಒಂದು ನೋಟುಪುಸ್ತಕ. ಎದುರಂಗಡಿಯಲ್ಲಿ ತಂತಿ ಸುತ್ತುವವನಿಗೆ ಕೇಳಿ ತಿಳಿಯಲು ತನ್ನವರಿದ್ದರು. ಅವನ ತಂಗಿಯನ್ನು ಸಿದ್ದಾಪುರದಲ್ಲಿ ಇದೇ ಕೆಲಸದವನಿಗೆ ಕೊಟ್ಟಿತ್ತು. ಯಲ್ಲಾಪುರದಲ್ಲಿ ಅಂಗಡಿ ಇಟ್ಟವನು ಹುಬ್ಬಳ್ಳಿಯಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದು ಕೆಲಸ ಕಲಿತವನು.

ತಂತಿ ಕರಗಿ ಎಣಿಸಲಾಗದ, ಗೊತ್ತಿಲ್ಲದ ಮೋಟಾರು ಬಂದರೆ ಅವನು ಅವರಿಗೆ ಫೋನು ಮಾಡುತ್ತಿದ್ದ. ಕೈಗೆ ವಾರ್ನಿಷು ಮೆತ್ತಿರುತ್ತಿದ್ದರಿಂದ ಸ್ಪೀಕರು ಹಾಕುತ್ತಿದ್ದ. ರಸ್ತೆಯಾಚೆ ನನಗೂ ಕೇಳುತ್ತಿತ್ತು.

“ಭಾವಾ, ಒಂದು ಸುಟ್ಟೇ ಹೋತು.”

“ಮೋಟಾರು ಕಟ್ತಾ ಇದ್ಯಾ, ಹಪ್ಪಳ ಸುಡ್ತಾ ಇದ್ಯಾ? ಬರ್ಕ, ಆನು ಹೇಳ್ತೆ.”

ಮೊದಲು ನಗೆ, ಆಮೇಲೆ ಲೆಕ್ಕ. ನಾನು ವಾರಗಟ್ಟಲೆ ಒದ್ದಾಡಿ, ಮೋಟಾರು ಸುಟ್ಟು ಕಲಿತದ್ದು ಅವನಿಗೆ ಎರಡು ನಿಮಿಷದಲ್ಲಿ ಸಿಗುತ್ತಿತ್ತು. ಅವನ ಗಿರಾಕಿಗಳನ್ನು ಕಂಡು ಆಗುತ್ತಿದ್ದುದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ನನಗೆ ಆ ನಗೆ ಕೇಳಿ ಆಗುತ್ತಿತ್ತು. ಒಮ್ಮೆ ಕದ್ದು ಕೇಳಿದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದೆ. ಯಾವ ಮೋಟಾರಿನದೆಂದು ಗೊತ್ತಾಗದೆ ಹೊಡೆದುಹಾಕಿದೆ.

ಕಳೆದ ಬೇಸಿಗೆಯಲ್ಲಿ ಭೈರುಂಬೆಯಿಂದ ಹೊಸ ಬಗೆಯ ಪಂಪೊಂದು ನನ್ನಲ್ಲಿಗೆ ಬಂತು. ಎಣಿಸಿದೆ: ನಲವತ್ತೆಂಟು. ತಿಂಗಳೊಳಗೆ ಅಂಥದ್ದೇ ಎದುರಂಗಡಿಗೂ ಬಂತು. ಅದರ ತಂತಿಯನ್ನು ಯಾರೋ ಆಗಲೇ ಕಿತ್ತು ಗುಜರಿಗೆ ಹಾಕಿದ್ದರು. ಎಣಿಸಲು ಏನೂ ಉಳಿದಿರಲಿಲ್ಲ. ಸಿದ್ದಾಪುರದವನಾಗಲಿ ಯಲ್ಲಾಪುರದವನಾಗಲಿ ಆ ಬಗೆಯನ್ನು ಬಿಚ್ಚಿ ನೋಡಿರಲಿಲ್ಲ. ಆಗ ಎದುರಂಗಡಿಯವನು ರಸ್ತೆ ದಾಟಿ ನನ್ನಲ್ಲಿಗೆ ಬಂದ.

“ಬರ್ರಿ, ಕುಂದರ್ರಿ” ಎಂದೆ.

“ಕೂರೂಕೆ ಪುರಸೊತ್ತಿಲ್ಲ ಮಾರಾಯ್ರೆ. ಈ ಪಂಪಿಂದು ಸುತ್ತು ಎಷ್ಟು? ನಿಮ್ಮ ಹತ್ರ ಇರ್ತದೆ ಅಂತ ಬಂದೆ.”

ಪುಸ್ತಕ ನನ್ನ ಅಂಗೈ ಕೆಳಗೇ ಇತ್ತು. “ನಲವತ್ತೆರಡು” ಎಂದೆ. ನಾಲಿಗೆ ತಡವರಿಸಲಿಲ್ಲ.

ಅವನು ತನ್ನ ಅಂಗಡಿಗೆ ಹೋದವನೇ ಇಬ್ಬರಿಗೂ ಫೋನು ಮಾಡಿದ. ಅದನ್ನು ನಾನು ಯೋಚಿಸಿರಲಿಲ್ಲ.

“ನಲವತ್ತೆರಡಡ, ನಲವತ್ತೆರಡು. ಎದುರಂಗಡಿಯವ್ರು ಹೇಳಿದ್ದು. ಪಾಪ, ಕೇಳಿದ ಕೂಡ್ಲೇ ಹೇಳಿದ್ರು.”

ಆಗಲೇ ಎದ್ದು ಹೋಗಿ ತಿದ್ದಬಹುದಿತ್ತು. ಹೋಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅವನು ಮೋಟಾರನ್ನು ಚಾಲೂ ಮಾಡಿ ನೋಡಿದ. ಮೊದಲು ವಾಸನೆ ಬಂತು, ಆಮೇಲೆ ಹೊಗೆ. ಸ್ವಿಚ್ಚಿನತ್ತ ಅವನು ಓಡಿದ್ದನ್ನು ನಾನು ನಿಂತಲ್ಲಿಂದಲೇ ನೋಡಿದೆ. ಅವನು ನನ್ನ ಕಡೆ ತಿರುಗಿ ಕೂಗಿದ: “ನಾನೇ ಸುತ್ತೂವಾಗ ತಪ್ಪಿದೆ ಕಾಣ್ತದೆ! ಮತ್ತೊಂದ್ಸಲ ಕಟ್ತೆ.”

ಅಷ್ಟರಲ್ಲಿ ಯಲ್ಲಾಪುರದವನ ಫೋನು ಬಂತು. ಅರಬೈಲಿನಿಂದ ಬಂದ ಅದೇ ಬಗೆಯ ಪಂಪಿಗೆ ಅವನೂ ನಲವತ್ತೆರಡರ ಲೆಕ್ಕ ಹಿಡಿದು ಅರ್ಧ ಸುತ್ತಿದ್ದನಂತೆ.

ನಾನು ರಸ್ತೆ ದಾಟಿದೆ. “ಅದು ನಲವತ್ತೆಂಟು. ಗೊತ್ತಿದ್ದೇ ಕಡಿಮೆ ಹೇಳಿದೆ” ಎಂದೆ.

ಅವನು ನನ್ನ ಮುಖ ನೋಡಿದ. “ಯಾರು? ಎಂತ ಆತು?” ಎಂದು ಫೋನು ಕೇಳುತ್ತಲೇ ಇತ್ತು.

“ನಿಲ್ಸು ಮಾರಾಯಾ. ನಲವತ್ತೆಂಟಡ. ಎದುರಂಗಡಿಯವ ಬೇಕಂತ್ಲೇ ತಪ್ಪು ಹೇಳಿದ್ದಡ.”

ಪುಸ್ತಕ ತಂದು ತೋರಿಸಿದೆ. ಆ ಒಂದು ಸಾಲನ್ನು ಅವನು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಬರೆದುಕೊಂಡ.

“ಉಳಿದದ್ದೂ ಬರ್ಕೊಳ್ರಿ. ಎಲ್ಲಾ ನಾನೇ ಎಣಿಸಿದ್ದು” ಎಂದೆ. ಹೊಡೆದುಹಾಕಿದ ಆ ಒಂದು ಸಂಖ್ಯೆ ಬಿಟ್ಟರೆ ಅದು ನಿಜವಾಗಿತ್ತು. ಆ ಪುಟಗಳಲ್ಲಿ ಒಂದೂ ತಪ್ಪಿರಲಿಲ್ಲ.

“ಬೇಡ. ಅದ್ರಲ್ಲಿ ಯಾವ್ದು ಸರಿ, ಯಾವ್ದು ಅಲ್ಲ ಅಂತ ನಂಗೆ ಹ್ಯಾಂಗೆ ಗೊತ್ತಾಗ್ಬೇಕು?”

ಅವನು ಸುಟ್ಟ ತಂತಿಯನ್ನು ಬಿಚ್ಚಲು ಕೂತ. ನಾನು ಪುಸ್ತಕ ಎತ್ತಿಕೊಂಡು ಬಂದೆ.

ಈಗಲೂ ಎದುರು ಸಿಕ್ಕರೆ ಮಾತಾಡುತ್ತಾನೆ. ಮಳೆ, ಕರೆಂಟು, ಊರ ಸುದ್ದಿ. ಕೆಲಸದ ಮಾತು ತೆಗೆಯುವುದಿಲ್ಲ. ಮೊನ್ನೆ ಸಿದ್ದಾಪುರದ ಭಾವ ಬಂದಿದ್ದ. ಇಬ್ಬರೂ ಬಾಗಿಲಲ್ಲಿ ಕೂತು, ಬಿಚ್ಚಿದ ಮೋಟಾರೊಂದನ್ನು ನಡುವೆ ಇಟ್ಟುಕೊಂಡು ಚಹಾ ಕುಡಿದರು. ಏನು ಹೇಳಿಕೊಳ್ಳುತ್ತಿದ್ದರೋ ಕೇಳಿಸಲಿಲ್ಲ. ಇಷ್ಟಾದ ಮೇಲೂ ನನಗೆ ಅದೇ ಹೊಟ್ಟೆಕಿಚ್ಚಾಯಿತು.