ಫಿಲೋಮಿನಾಳ ಬಾವಿಯ ನೀರು

ಫಿಲೋಮಿನಾಳ ಬಾವಿಯ ನೀರು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಮೊದಲು ಹೇಳಿದವಳು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಮುಂಡಗೋಡ ಕಡೆಯ ಪಾಳಾ ಊರಿನವಳು; ಮದುವೆಯಾಗಿ ಕುಂಬಾರವಾಡದ ಹತ್ತಿರ ಬಂದೆ. ಅಣಶಿಯ ಕಾಡು ನೋಡಲು ಬರುವವರಿಗೆಂದು ಮನೆಯ ಪಕ್ಕ ಎರಡು ಕೋಣೆ ಕಟ್ಟಿಸಿ ಹೋಂಸ್ಟೇ ಮಾಡಿದೆವು. ಮರುವರ್ಷ ನಮ್ಮ ಗದ್ದೆಯಾಚೆ ಫಿಲೋಮಿನಾಳೂ ಮಾಡಿದಳು. ಅವಳು ಸಿದ್ದಿ ಜನಾಂಗದವಳು, ಕ್ರೈಸ್ತಳು; ಗಂಡ ತೀರಿಹೋಗಿದ್ದ, ರೋಜಿ ಎಂಬ ಒಬ್ಬಳೇ ಮಗಳು. ನಮ್ಮಿಬ್ಬರಿಗೂ ಮೊದಲಿನಿಂದಲೂ ಆಗುತ್ತಿರಲಿಲ್ಲ — ಗದ್ದೆಯ ಬದುವಿಗಾಗಿ, ಅವಳ ಕೋಳಿಗಳಿಗಾಗಿ, ಯಾರಿಗೂ ತಗ್ಗದ ಅವಳ ದನಿಗಾಗಿ. ಇಂದಿಗೂ ಆಗುವುದಿಲ್ಲ. ತಪ್ಪೊಪ್ಪಿಕೊಂಡರೆ ಪ್ರೀತಿ ಹುಟ್ಟುತ್ತದೆ ಎನ್ನುತ್ತಾರೆ — ನನಗೆ ಹುಟ್ಟಿಲ್ಲ.

ಬಂದವರಿಗೆ ಅವಳ ಮನೆಯೇ ಹಿಡಿಸುತ್ತಿತ್ತು. ನಮ್ಮಲ್ಲಿ ಇಳಿದಿದ್ದ ಒಂದು ಕುಟುಂಬ ಅವಳ ಕೈಯ ಅಕ್ಕಿರೊಟ್ಟಿ, ಮೀನಿನ ಸಾರು ಉಂಡು ಬಂದು, ಚೀಲ ಎತ್ತಿಕೊಂಡು ಗದ್ದೆ ದಾಟಿ ಅಲ್ಲಿಗೇ ಹೋಯಿತು. ನಾನು ಅಂಗಳದಲ್ಲಿ ನಿಂತು ನೋಡಿದೆ.

ಅವಳ ಮನೆಯ ದಾರಿ ನಮ್ಮ ಗೇಟಿನ ಮುಂದೆಯೇ. ಕೆಲವು ದಿನಗಳ ಮೇಲೆ ಒಂದು ಕಾರು ನಿಂತಿತು. ಗಂಡ, ಹೆಂಡತಿ, ಸಣ್ಣ ಕೂಸು. ಫಿಲೋಮಿನಾಳ ಹೋಂಸ್ಟೇ ಯಾವುದು, ಕೂಸಿಗೆ ಅನುಕೂಲವಾದೀತೇ ಎಂದು ಆ ಹೆಂಗಸು ಕೇಳಿದಳು. ನಾನು ಹತ್ತಿರ ಹೋಗಿ ದನಿ ತಗ್ಗಿಸಿದೆ.

"ಹೋಗಬ್ಯಾಡ್ರಿ ಅನ್ನಾಂಗಿಲ್ಲ. ಆದ್ರ ಆಕಿ ಬಾವಿ ನೀರು ಛಲೋ ಇಲ್ರಿ. ಮೊನ್ನೆ ಬಂದವ್ರಿಗೆ ವಾಂತಿ-ಭೇದಿ ಆತು. ನಿಮ್ಮ ಜೋಡಿ ಕೂಸು ಐತಿ, ಅದಕ್ಕ ಹೇಳಿದೆ."

ಅವರು ನಮ್ಮಲ್ಲೇ ಉಳಿದರು.

ಹಾಸಿಗೆ ಹೊಲಸು ಎನ್ನಬಹುದಿತ್ತು, ಚಾವಣಿ ಸೋರುತ್ತದೆ ಎನ್ನಬಹುದಿತ್ತು. ನಾನು ನೀರನ್ನೇ ಆರಿಸಿಕೊಂಡೆ. ಸಿದ್ದಿಯವಳ ಮನೆಯ ನೀರು ಕೆಟ್ಟಿದೆ ಎಂದರೆ ನಮ್ಮ ಮಂದಿ ಆ ಮಾತನ್ನು ಅಗಿಯದೆ ನುಂಗುತ್ತಾರೆಂದು ನನಗೆ ಗೊತ್ತಿತ್ತು. ಅದೇ ನೀರನ್ನು ಬೇಸಿಗೆಯಲ್ಲಿ ನಮ್ಮ ಬಾವಿ ಬತ್ತಿದಾಗಲೆಲ್ಲ ನಾನೇ ಹೊತ್ತು ತಂದಿದ್ದೆ. ಅವಳು ಒಂದು ದಿನವೂ ಬೇಡ ಎಂದಿರಲಿಲ್ಲ.

ಮಾತು ನನ್ನನ್ನು ಬಿಟ್ಟು ತಾನೇ ನಡೆಯಿತು. ದಾಂಡೇಲಿಯಿಂದ ಮಂದಿಯನ್ನು ಕರೆತರುವ ಜೀಪಿನವರೂ ಅದನ್ನೇ ಹೇಳತೊಡಗಿದರು. ಅವಳ ಕೋಣೆಗಳು ಖಾಲಿಯಾದವು. ಆಮೇಲೆ ಅವುಗಳಲ್ಲಿ ಹುಲ್ಲು ತುಂಬಿದಳು.

ರೋಜಿಯ ಮದುವೆಗೆ ಊರಿನವರೆಲ್ಲ ಹೋದರು. ಉಂಡರು. ಆದರೆ ಒಬ್ಬರೂ ಅವಳ ನೀರು ಮುಟ್ಟಲಿಲ್ಲ. ಎಲ್ಲರೂ ಮನೆಯಿಂದ ಬಾಟಲಿ ತಂದಿದ್ದರು. ಹಳಿಯಾಳದಿಂದ ಬಂದ ಬೀಗರು ಮುಖ ಮುಖ ನೋಡಿಕೊಂಡರು. ಲೋಟಗಳ ತಟ್ಟೆ ಹಿಡಿದು ಸಾಲಿನ ನಡುವೆ ಬಂದ ಫಿಲೋಮಿನಾ ನಿಂತುಬಿಟ್ಟಳು.

"ನನ್ನ ನೀರಿಗೆ ಏನಾಗೇತಿ? ಯಾರರೆ ಒಬ್ರು ಹೇಳ್ರಿ."

ನನ್ನ ಮಡಿಲಲ್ಲೂ ಬಾಟಲಿ ಇತ್ತು. ನಾನು ಎಲೆಯನ್ನೇ ನೋಡುತ್ತ ಕೂತೆ. ಆಗ ಎದ್ದು ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ಅಷ್ಟೇ.

ವರ್ಷಗಳು ಕಳೆದವು. ಹೋದ ಮಳೆಗಾಲದಲ್ಲಿ ಬಸ್ಸಿಗೆ ಕಾಯುವಾಗ ರೋಜಿ ಸಿಕ್ಕಳು, ತವರಿಗೆ ಬಂದಿದ್ದಳಂತೆ. ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ಮಗನಿಗೆ ಕುಡಿಸುತ್ತಿದ್ದಳು. ಮನೆಯ ನೀರು ತಂದಿಲ್ಲವೇ ಎಂದು ನಾನು ಸುಮ್ಮನೆ ಕೇಳಿದೆ.

"ಅವ್ವನ ಬಾವಿ ನೀರು ಕೂಸಿಗೆ ಹೆಂಗ ಕೊಡ್ಲಿ, ಕಾಕಿ? ನಿಮಗ ಗೊತ್ತೈತಲ್ಲ."

ಆ ನೀರು ಕುಡಿದೇ ಬೆಳೆದ ಹುಡುಗಿ. ನನ್ನ ಸುಳ್ಳು ಅವಳ ಬಾಯಲ್ಲಿ ಇಷ್ಟು ಸಹಜವಾಗಿ ಬಂತಲ್ಲ — ಆ ದಿನ ನಾನು ಬಸ್ಸು ಹತ್ತಲಿಲ್ಲ. ತಿರುಗಿ ನಡೆದು ನೇರ ಫಿಲೋಮಿನಾಳ ಅಂಗಳಕ್ಕೆ ಹೋಗಿ ಎಲ್ಲ ಹೇಳಿದೆ.

ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ನನ್ನ ಮುಂದ ಯಾಕ ಹೇಳ್ತಿ?" ಎಂದಳು. "ಆ ನೀರು ನಾ ದಿನಾ ಕುಡೀತೇನಿ. ಕುಡೀಲಾರದವ್ರಿಗೆ ಹೋಗಿ ಹೇಳು. ಮತ್ತ ಈ ಅಂಗಳದಾಗ ಕಾಲಿಡಬ್ಯಾಡ."

ಅದಕ್ಕೇ ಹೇಳುತ್ತಿದ್ದೇನೆ. ಮಹಿಳಾ ಸಂಘದಲ್ಲಿ ಎದ್ದು ನಿಂತು ಹೇಳಿದೆ. ಹೆಂಗಸರು ನಂಬಲಿಲ್ಲ. ಪಾಪ, ನೆರೆಯವಳ ಮರ್ಯಾದೆ ಉಳಿಸಲು ತಪ್ಪು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಾಳೆ, ದೊಡ್ಡ ಮನಸ್ಸು ಎಂದರು. ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ಅವರೇ. ಜೀಪಿನವರಿಗೂ ಹೇಳಿದೆ; ನಕ್ಕರು. ಹೋದಲ್ಲೆಲ್ಲ ಮತ್ತೆ ಹೇಳುತ್ತೇನೆ, ನಂಬುವವರೆಗೂ.

ನಂಬಿದವಳು ರೋಜಿ ಒಬ್ಬಳೇ. ಫೋನಿನಲ್ಲಿ ಹೇಳಿದೆ. ಬೈಯುತ್ತಾಳೆಂದು ಕಾದೆ. ಕೊನೆಗೆ ಒಂದೇ ಮಾತು ಕೇಳಿದಳು.

"ಈಗ ಅವ್ವನ ಮುಂದ ನಾ ಹೆಂಗ ಹೋಗಿ ನಿಂದರ್ಲಿ?"

ಅವಳೇ ಫೋನ್ ಇಟ್ಟಳು.